ಗುಮಾಸ್ತರಿಗೆ ಟ್ರಾನ್ಸ್‌ಫರ್ ಆದ ಸುವರ್ಣಯುಗ

ಪ್ರತಿ ಕುಟುಂಬಕ್ಕೂ ಎಂದೂ ಬಗೆಹರಿಯದ ಒಂದು ವ್ಯಾಜ್ಯ ಇರಲೇಬೇಕು ಎಂದು ನಾನು ನಂಬಿದ್ದೇನೆ. ಅದಿಲ್ಲದಿದ್ದರೆ ಹಬ್ಬಕ್ಕೆ ಸೇರಿದವರು ಊಟವಾದ ಮೇಲೆ ಏನು ಮಾಡಬೇಕು? ಕೆಲವರ ಮನೆಯಲ್ಲಿ ಅದು ಹಿತ್ತಿಲ ಗೋಡೆಯದು, ಕೆಲವರಲ್ಲಿ ಅಜ್ಜಿಯ ಕಾಸಿನ ಸರ ಯಾರ ಕೊರಳಿಗೆ ಹೋಯಿತು ಎನ್ನುವುದು. ನನ್ನ ಗೆಳತಿಯೊಬ್ಬಳ ಮನೆಯಲ್ಲಂತೂ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ಜಗಳ ಎರಡು ತಲೆಮಾರಿನಿಂದ ನಡೆದಿದೆ. ನಮ್ಮ ಮನೆಯ ವ್ಯಾಜ್ಯ ಯಾವುದೆಂದು ಹೇಳಲು ಮಾತ್ರ ನನಗೆ ಸ್ವಲ್ಪ ನಾಚಿಕೆ. ನಾನು ಐವತ್ತರ ಹತ್ತಿರ ಬಂದವಳು. ದಿನಾ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವವಳು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನೋಟ್‌ಬುಕ್ಕು ಪೆನ್ನುಗಳ ಸಗಟು ಅಂಗಡಿ ಇಟ್ಟಿರುವವರ ಹೆಂಡತಿ, ಅದೇ ಅಂಗಡಿಯ ಮೇಲಿನ ಮನೆಯಲ್ಲಿ ಸಂಸಾರ. ನನಗೂ ನನ್ನ ಅಣ್ಣನಿಗೂ ಇರುವ ಜಗಳ ಇಷ್ಟೇ: ಕಂಪ್ಯೂಟರಿನ ರೋಲ್‌ಪ್ಲೇಯಿಂಗ್ ಆಟಗಳ ಸುವರ್ಣಯುಗ ಯಾವುದು?

ಈ ಆಟಗಳನ್ನು ಕಂಡಿರದವರಿಗೆ ಒಂದು ಮಾತು. ಇದು ಗುಂಡು ಹಾರಿಸುವ ಆಟವಲ್ಲ, ಕಾರು ಓಡಿಸುವುದೂ ಅಲ್ಲ. ನೀವು ಒಂದು ಪಾತ್ರವಾಗುತ್ತೀರಿ. ಮೊದಲಿಗೆ ನಿಮ್ಮ ಕೈಯಲ್ಲಿ ಒಂದು ದೊಣ್ಣೆ, ಮೈಮೇಲೆ ಹರಕು ಅಂಗಿ. ಊರೂರು ಅಲೆದು, ಸಿಕ್ಕಸಿಕ್ಕವರನ್ನು ಮಾತಾಡಿಸಿ, ಅವರ ಕಷ್ಟ ಪರಿಹರಿಸಿ, ಜೊತೆಗಾರರನ್ನು ಸೇರಿಸಿಕೊಂಡು, ನೂರು ಗಂಟೆಯ ಮೇಲೆ ಯಾವುದೋ ರಾಕ್ಷಸನ ಮುಂದೆ ನಿಲ್ಲುವಷ್ಟು ದೊಡ್ಡವರಾಗುತ್ತೀರಿ. ಯಾರಾದರೂ ಮಾತಾಡಿದರೆ ತೆರೆಯ ಮೇಲೆ ಮೂರು ನಾಲ್ಕು ಉತ್ತರಗಳು ಕಾಣುತ್ತವೆ. ಯಾವುದನ್ನು ಆರಿಸುತ್ತೀರೋ ಕಥೆ ಹಾಗೆ ತಿರುಗುತ್ತದೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟು ಆಮೇಲೆ ಪಶ್ಚಾತ್ತಾಪ ಪಡುವ ನನ್ನಂಥವರಿಗೆ, ಉತ್ತರ ಕೊಡುವ ಮೊದಲು ಯೋಚಿಸಲು ಇಷ್ಟು ಹೊತ್ತು ಕೊಡುವ ಜಗತ್ತು ಇನ್ನೊಂದಿಲ್ಲ.

ನನ್ನ ಅಣ್ಣ ಮಂಜಣ್ಣ ನೌಕಾಪಡೆಯಲ್ಲಿ ತಾಂತ್ರಿಕ ವಿಭಾಗದವನು. ನಾವಿಬ್ಬರೂ ದಾವಣಗೆರೆಯವರು. ಅವನು ಸಮುದ್ರ ಕಂಡದ್ದೇ ಕೆಲಸಕ್ಕೆ ಸೇರಿದ ಮೇಲೆ. ಬಹಳ ವರ್ಷಗಳಿಂದ ವಿಶಾಖಪಟ್ಟಣದಲ್ಲಿ ಕ್ವಾರ್ಟರ್ಸ್. ಅವನ ಪ್ರಕಾರ ಸುವರ್ಣಯುಗ ಎಂದರೆ ಫ್ಲಾಪಿಗಳ ಕಾಲ. ಹನ್ನೆರಡು ಫ್ಲಾಪಿ ಒಂದಾದ ಮೇಲೊಂದು ಹಾಕಬೇಕು, ಹನ್ನೊಂದನೆಯದು ಕೆಟ್ಟಿರಬೇಕು. ಕತ್ತಲ ಸುರಂಗದಲ್ಲಿ ಎಡಕ್ಕೆ ತಿರುಗಿದೆವೋ ಬಲಕ್ಕೋ ಎಂದು ಆಟ ಹೇಳುವುದಿಲ್ಲ, ನೀವೇ ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದುಕೊಳ್ಳಬೇಕು. ಅವನು ಬರೆದ ನಕ್ಷೆಗಳು ಇವತ್ತಿಗೂ ಒಂದು ಟ್ರಂಕಿನಲ್ಲಿ ಇವೆ. ನಿಜ ಹೇಳಬೇಕೆಂದರೆ ಅವು ಚಂದ ಇವೆ. ಬಾಗಿಲಿಗೊಂದು ಗುರುತು, ಬಾವಿಗೊಂದು ಗುರುತು, ಕೆಂಪು ಶಾಯಿಯಲ್ಲಿ "ಇಲ್ಲಿ ಸತ್ತೆ" ಎಂದು ಕನ್ನಡದಲ್ಲಿ ಬರೆದ ಇಪ್ಪತ್ತಾರು ಜಾಗಗಳು. "ನೋಡವ್ವಾ ಗೀತಾ, ದಾರಿ ತಪ್ಪದವನಿಗೆ ಊರು ಕಂಡ ಖುಷಿ ಎಲ್ಲಿಂದ ಬರಬೇಕು? ನಿನ್ನ ಕಾಲದ ಆಟದಾಗೆ ನಕ್ಷೆ ಅದೇ ಬರಕೊಡ್ತದೆ. ಅದೂ ಒಂದು ಆಟನಾ?" ಎನ್ನುತ್ತಾನೆ.

ಅವನ ಮಗಳು ಚೈತ್ರಾ ಇಂಜಿನಿಯರಿಂಗ್ ಓದುತ್ತಿದ್ದವಳು. ವಿಶಾಖಪಟ್ಟಣದಲ್ಲೇ ಹುಟ್ಟಿ ಬೆಳೆದದ್ದರಿಂದ ಅವಳ ಕನ್ನಡ ಅರ್ಧ ದಾರಿಗೆ ಬಂದು ತೆಲುಗಿಗೆ ತಿರುಗಿಬಿಡುತ್ತದೆ. "ಅತ್ತೇ, ನಿಮ್ಮದೆಲ್ಲಾ ಪಾತ ಕಾಲ. ಈಗಿನ ಆಟದಲ್ಲಿ ಗಾಳಿ ಬಂದರೆ ಹುಲ್ಲು ಕೂಡಾ ಊಗುತ್ತೆ," ಎಂದು ಅವಳ ವಾದ. ಪಾತ ಎಂದರೆ ಹಳೆಯದು, ಊಗುವುದು ಎಂದರೆ ತೂಗಾಡುವುದು. ಸುವರ್ಣಯುಗ ಎಂದರೆ ಈಗ, ಈ ಕ್ಷಣ, ಅವಳ ಲ್ಯಾಪ್‌ಟಾಪು. ನಮ್ಮ ಯಜಮಾನರು ಈ ವಿಷಯದಲ್ಲಿ ಒಮ್ಮೆ ಮಾತ್ರ ಬಾಯಿ ಹಾಕಿದ್ದಾರೆ. ಚೈತ್ರಾ ತೋರಿಸಿದ ಒಂದು ಯುದ್ಧವನ್ನು ಐದು ನಿಮಿಷ ನೋಡಿ, "ಆಟೋನಗರ್‌ನಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿನ ಮುಂದೆ ನಿಂತ ಹಾಗಾಯಿತು," ಎಂದು ಅಂಗಡಿಗೆ ಇಳಿದು ಹೋದರು.

ನನ್ನ ಪಕ್ಷ ಅಪ್ಪ ಮಗಳ ನಡುವಿನದು. ಸುವರ್ಣಯುಗ ಎಂದರೆ ಫ್ಲಾಪಿ ಹೋಗಿ ಸಿ.ಡಿ. ಬಂದ, ಆಟದ ಮಂದಿಗೆ ಇನ್ನೂ ದನಿ ಬಂದಿರದ, ಎಲ್ಲರೂ ಪುಟಗಟ್ಟಲೆ ಅಕ್ಷರಗಳಲ್ಲೇ ಮಾತಾಡುತ್ತಿದ್ದ ಆ ಕೆಲವು ವರ್ಷಗಳು. ಆ ಮಾತಿಗೆ ಸಮ ಇಲ್ಲ. ಇದನ್ನು ನಾನು ಫೋನಿನಲ್ಲಿ ಅಣ್ಣನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. "ಆ ಸಂಭಾಷಣೆ ಇದೆಯಲ್ಲಾ ಅಣ್ಣಾ, ಅದೇ ಜೀವ," ಎಂದು ವಾದಿಸುತ್ತಿದ್ದೆ. ಅದಕ್ಕೆ ಕಾರಣವೂ ಇತ್ತು.

ನಾನು ಮದುವೆಯಾಗಿ ವಿಜಯವಾಡಕ್ಕೆ ಬಂದಾಗ ನನಗೆ ತೆಲುಗಿನ ಒಂದಕ್ಷರ ಬರುತ್ತಿರಲಿಲ್ಲ. ನಮ್ಮ ಯಜಮಾನರ ಅಜ್ಜಿ ಬಳ್ಳಾರಿ ಕಡೆಯವರು. ಆ ರಕ್ತದ ಬಲದಿಂದ ಇವರಿಗೆ "ಊಟ ಆಯ್ತಾ" ಎಂಬ ಎರಡು ಕನ್ನಡ ಪದ ಬರುತ್ತಿದ್ದವು. ಬೆಳಗ್ಗೆ ಏಳಕ್ಕೇ ಅದನ್ನು ಕೇಳಿ ಅಂಗಡಿಗೆ ಇಳಿದರೆ ಆಮೇಲೆ ಮನೆಯಲ್ಲಿ ನಾನು ಮತ್ತು ಅತ್ತಯ್ಯ, ಅಂದರೆ ನಮ್ಮ ಅತ್ತೆ. ಅವರಿಗೆ ಕನ್ನಡ ಬಾರದು. ಮಾವನವರು ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು. ಅವರು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಫೋಟೋದಲ್ಲೂ ಜೇಬಿನಲ್ಲಿ ಎರಡು ಪೆನ್ನು. ನಾವಿಬ್ಬರೂ ಹೆಂಗಸರು ದಿನವಿಡೀ ಒಬ್ಬರಿಗೊಬ್ಬರು ನಗುತ್ತಿದ್ದೆವು. ಆರು ತಿಂಗಳು ಬರೀ ನಗುವುದೆಂದರೆ ದವಡೆ ನೋಯುತ್ತದೆ. ಅವರು "ಉಪ್ಪು" ಎಂದರೆ ನನಗೆ ತಿಳಿಯುತ್ತಿತ್ತು, ನಾನು "ಬೆಲ್ಲ" ಎಂದರೆ ಅವರಿಗೆ ತಿಳಿಯುತ್ತಿತ್ತು. ಇಡೀ ಸಂಬಂಧ ಆ ಎರಡು ಡಬ್ಬಿಗಳ ಮೇಲೆ ನಿಂತಿತ್ತು.

ಅಷ್ಟರಲ್ಲಿ ಅಂಗಡಿಯ ಲೇಬಲ್ ಮುದ್ರಿಸಲೆಂದು ಒಂದು ಕಂಪ್ಯೂಟರ್ ಬಂತು. ಕೆಳಗೆ ಧೂಳು, ಇಲಿ ಕಾಟ, ಹಾಗಾಗಿ ಮೇಲೆ ಹಜಾರದಲ್ಲೇ ಕೂತಿತು. ಜೊತೆಗೆ ಮಾರಿದವನು ಕೊಟ್ಟ ಒಂದು ಸಿ.ಡಿ. ಅದರಲ್ಲಿ ಈ ಆಟ. ಸಮುದ್ರ ತೀರದ ಒಂದು ದೀಪಸ್ತಂಭ, ಅದನ್ನು ಕಾಯುವ ಮುದುಕ, ಅವನು ಸಾಕಿದ ಅನಾಥ. ಆ ಅನಾಥನೇ ನಾನು. ಒಂದು ಮಧ್ಯಾಹ್ನ ಊಟವಾದ ಮೇಲೆ ನಾನು ಆಡುತ್ತಾ ಕೂತಿದ್ದೆ. ಅತ್ತಯ್ಯ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಹಿಂದೆ ಬಂದು ಕೂತರು. ತೆರೆಯ ಮೇಲಿನ ಮುದುಕನನ್ನು ತೋರಿಸಿ, "ಏಮಂಟುನ್ನಾಡಮ್ಮಾ?" ಎಂದರು. ಏನು ಹೇಳುತ್ತಿದ್ದಾನೆ ಎಂದು ಕೇಳಿದ್ದು ನನಗೆ ಅರ್ಥವಾಯಿತು. ಉತ್ತರ ಹೇಳಲೇಬೇಕಾಯಿತು. ಗೊತ್ತಿದ್ದ ಹತ್ತು ತೆಲುಗು ಪದಗಳನ್ನೂ ಕೈಕಾಲುಗಳನ್ನೂ ಸೇರಿಸಿ ಹೇಳಿದೆ. ಅವರು ತಿದ್ದಿದರು. ಮರುದಿನ ಮಧ್ಯಾಹ್ನ ಅವರೇ ಹುಣಸೆಹಣ್ಣು ಹಿಡಿದು ನನಗಿಂತ ಮೊದಲು ಕಂಪ್ಯೂಟರಿನ ಮುಂದೆ ಕೂತಿದ್ದರು. ನಾನು ತೆಲುಗು ಕಲಿತದ್ದು ಹೀಗೆ. ಅದಕ್ಕೇ ಬಹಳ ದಿನ ನನಗೆ ತರಕಾರಿಯವನ ಹತ್ತಿರ ಬೆಂಡೆಕಾಯಿ ಕೇಳಲು ಬರುತ್ತಿರಲಿಲ್ಲ, "ನಿನ್ನ ಕತ್ತಿಯನ್ನು ಕೆಳಗಿಡು" ಎನ್ನಲು ಬರುತ್ತಿತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ. ಮಾಡಿದವಳು, ಡಿಕ್ಷನರಿ ತವರಲ್ಲೇ ಉಳಿದಿತ್ತು. ಆ ಅನಾಥ ಹುಡುಗನನ್ನು ಆಟ ಮುದುಕನ 'ವಾರ್ಡ್', ಎಂದರೆ ಪಾಲನೆಯಲ್ಲಿರುವವನು, ಎಂದು ಕರೆಯಿತು. ವಾರ್ಡ್ ಎಂದರೆ ಆಗ ನನಗೆ ಗೊತ್ತಿದ್ದದ್ದು ಎರಡೇ, ಆಸ್ಪತ್ರೆಯದು ಮತ್ತು ಮುನಿಸಿಪಾಲಿಟಿಯದು. ಮುದುಕ ಆರೋಗ್ಯವಾಗಿಯೇ ಇದ್ದ. ಹಾಗಾಗಿ ಅವನು ಆ ವಾರ್ಡಿನ ಮೆಂಬರು ಎಂದು ಅತ್ತಯ್ಯನಿಗೆ ಹೇಳಿದೆ. ಅವನು ಮಾತುಮಾತಿಗೆ ದೊಡ್ಡ ದೊಡ್ಡ ಭರವಸೆ ಕೊಡುತ್ತಿದ್ದುದರಿಂದ ಅವರಿಗೆ ಅನುಮಾನವೇ ಬರಲಿಲ್ಲ. ಗಾಯ ವಾಸಿ ಮಾಡುವ 'ಪೋಷನ್' ಎಂಬ ಔಷಧಿಯನ್ನು ನಾನು 'ಪೋರ್ಷನ್' ಎಂದು ಓದಿಕೊಂಡೆ, ಬಾಡಿಗೆಗೆ ಕೊಡುವ ಮನೆಯ ಭಾಗಕ್ಕೆ ಇಲ್ಲಿ ಹೇಳುವುದು ಹಾಗೆ. ಊರಿಂದೂರಿಗೆ ಹೋದಾಗೆಲ್ಲ ನಾಯಕ ಎರಡೆರಡು ಪೋರ್ಷನ್ ಕೊಳ್ಳುವುದನ್ನು ಕಂಡು ಅತ್ತಯ್ಯ, "ಇಷ್ಟು ಮನೆ ಇಟ್ಟುಕೊಂಡು ಇವನೇಕೆ ಅಲೆಯುತ್ತಾನೆ? ಬಾಡಿಗೆಗೆ ಕೊಟ್ಟು ಕೂತು ತಿನ್ನಬಹುದಲ್ಲ," ಎಂದು ಮರುಗಿದರು. ಅವರು ಹೇಳಿದ್ದೆಲ್ಲ ತೆಲುಗಿನಲ್ಲಿ. ನಾನು ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ನನ್ನ ಅನುವಾದವನ್ನು ಎಷ್ಟು ನಂಬಬಹುದು ಎನ್ನುವುದು ಈಗ ನಿಮಗೂ ತಿಳಿಯಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆದದ್ದು ಎರಡನೇ ವಾರ. ನಾಯಕನ ಜೊತೆಗೆ ಒಬ್ಬ ನಡುವಯಸ್ಸಿನ ಸಾಧು ಮನುಷ್ಯ ಸೇರಿಕೊಂಡ. ಯಾರಿಗೆ ಪೆಟ್ಟು ಬಿದ್ದರೂ ಓಡಿಬಂದು ಕೈಯಿಟ್ಟು ವಾಸಿ ಮಾಡುವವನು. ಅವನ ಹೆಸರಿನ ಕೆಳಗೆ 'ಕ್ಲೆರಿಕ್' ಎಂದಿತ್ತು. ನಾನು ಕ್ಲರ್ಕ್ ಎಂದುಕೊಂಡೆ. "ಇವರು ಗುಮಾಸ್ತರು, ಅತ್ತಯ್ಯಾ," ಎಂದೆ. ಗುಮಾಸ್ತ ಎಂಬ ಪದ ತೆಲುಗಿನಲ್ಲೂ ಅದೇ. ಅತ್ತಯ್ಯನ ಕೈಯಲ್ಲಿದ್ದ ಹುಣಸೆಹಣ್ಣು ಹಾಗೇ ನಿಂತಿತು. "ಗುಮಾಸ್ತಾಗಾರಾ?" ಎಂದು ತೆಲುಗಿನ ಗೌರವದ 'ಗಾರು' ಸೇರಿಸಿ ಕೇಳಿ, ತೆರೆಯ ಹತ್ತಿರ ಬಗ್ಗಿ ಅವನನ್ನು ನೋಡಿದರು. ಅವನ ಎದೆಯ ಮೇಲೆ ಸುರುಳಿ ಸುತ್ತಿದ ಎರಡು ಕಾಗದ ಸಿಕ್ಕಿಸಿದ ಹಾಗೆ ಚಿತ್ರವಿತ್ತು. ಅವರು ಸೆರಗಿನಿಂದ ತೆರೆಯ ಧೂಳು ಒರೆಸಿದರು.

ಅಂದಿನಿಂದ ಆಟದ ನಾಯಕ ನಾನಲ್ಲ, ಗುಮಾಸ್ತರು. ಸಿಕ್ಕ ಒಳ್ಳೆಯ ಕವಚವೆಲ್ಲ ಗುಮಾಸ್ತರಿಗೆ. ಯುದ್ಧ ಬಂದರೆ ಗುಮಾಸ್ತರು ಎಲ್ಲರ ಹಿಂದೆ ನಿಲ್ಲಬೇಕು. ಅತ್ತಯ್ಯನ ಅಪ್ಪಣೆ. ಇದರಿಂದ ಹರಕು ಅಂಗಿಯ ನಾಯಕ ಮೂರು ತಿಂಗಳಲ್ಲಿ ಎಷ್ಟು ಬಾರಿ ಸತ್ತನೋ ದೇವರೇ ಬಲ್ಲ. ಒಮ್ಮೆ ರಜೆಯಲ್ಲಿ ಬಂದ ಅಣ್ಣ ಇದನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. "ಕ್ಲೆರಿಕ್ ಅಂದ್ರೆ ಕ್ಲರ್ಕ್ ಅಲ್ಲವ್ವಾ, ಪೂಜಾರಿ ಇದ್ದಂಗೆ!" ಅಡಿಗೆಮನೆಯಲ್ಲಿ ಅತ್ತಯ್ಯ ಅಷ್ಟರಲ್ಲಿ ಪಕ್ಕದ ಮನೆಯವರಿಗೆ, ಗುಮಾಸ್ತರು ನಿನ್ನೆ ಮೂವರ ಪ್ರಾಣ ಉಳಿಸಿದ ಕಥೆ ಹೇಳುತ್ತಿದ್ದರು. ಮಾವನವರು ಹೋದ ಮೇಲೆ ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಯಾರೂ ಕೇಳಿರಲಿಲ್ಲ ಎಂದು ಯಜಮಾನರು ನನಗೆ ಆಮೇಲೆ ಹೇಳಿದರು. ನಾನು ಅಣ್ಣನಿಗೆ ಕೈಮುಗಿದು, ಸುಮ್ಮನಿರು ಎಂದೆ.

ಆಮೇಲೆ ಸೇತುವೆ ಬಂತು. ಆಟದ ಮುಕ್ಕಾಲು ಭಾಗದಲ್ಲಿ ಕಣಿವೆಯ ಮೇಲೊಂದು ಕಲ್ಲಿನ ಸೇತುವೆ. ಅಲ್ಲಿ ಒಂದು ಉದ್ದನೆಯ ಸಂಭಾಷಣೆ ಶುರುವಾಯಿತು. ಗುಮಾಸ್ತರು ಮಾತಾಡತೊಡಗಿದ ರೀತಿಯಲ್ಲೇ ಅವರು ಉಳಿಯುವುದಿಲ್ಲ ಎಂದು ನನಗೆ ವಾಸನೆ ಹತ್ತಿತು. ಪಕ್ಕದಲ್ಲಿ ಅತ್ತಯ್ಯ. ನಾನು ಮುಂದಕ್ಕೆ ಓದಲೇ ಇಲ್ಲ. ಮೊದಲ ಉತ್ತರ, ಮೊದಲ ಉತ್ತರ ಎಂದು ಟಕಟಕನೆ ಒತ್ತುತ್ತಾ ಹೋದೆ. ಸೇತುವೆ ಆಚೆ ನಾಯಕ ಮತ್ತು ಉಳಿದ ಇಬ್ಬರು ಜೊತೆಗಾರರು, ಮೂವರೇ ಇದ್ದರು.

"ಗುಮಾಸ್ತಾಗಾರು ಎಲ್ಲಿ?" ಎಂದರು ಅತ್ತಯ್ಯ.

"ಟ್ರಾನ್ಸ್‌ಫರ್ ಆಯ್ತು," ಎಂದೆ.

ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಅತ್ತಯ್ಯ, "ಯಾವ ಊರಿಗೆ?" ಎಂದರು. "ಉತ್ತರದ ಕಡೆ. ಪ್ರಮೋಷನ್ ಮೇಲೆ." ಅವರು ತಲೆಯಾಡಿಸಿದರು. "ಒಳ್ಳೆಯ ಕೆಲಸಗಾರರನ್ನು ಒಂದು ಕಡೆ ಇರಲು ಬಿಡುವುದಿಲ್ಲ," ಎಂದು ಎದ್ದು ಕಾಫಿಗೆ ಹಾಲಿಟ್ಟರು. ಆ ಮೇಲೂ ವರ್ಷಗಟ್ಟಲೆ, ಏನಾದರೂ ನೆನಪಾದರೆ, "ಗುಮಾಸ್ತಾಗಾರಿಗೆ ಆ ಕಡೆ ಚಳಿ ಜಾಸ್ತಿಯೋ ಏನೋ" ಎನ್ನುತ್ತಿದ್ದರು. ನಾನು ಹ್ಞೂ ಎನ್ನುತ್ತಿದ್ದೆ. ಹೀಗೆ ನಾನು ನಂಬಿದ ಸುವರ್ಣಯುಗದ ತಳದಲ್ಲಿ ಒಂದು ದೊಡ್ಡ ಸುಳ್ಳು ಇತ್ತು. ಅಣ್ಣನಿಗೂ ಅದು ಗೊತ್ತಿರಲಿಲ್ಲ.

ಎರಡು ಸಾವಿರದ ಹದಿನೇಳರ ಬೇಸಿಗೆಯಲ್ಲಿ ನಮ್ಮ ಮನೆಯ ಹಳೆಯ ನೆಲ ಕಿತ್ತು ಹೊಸ ಟೈಲ್ಸ್ ಹಾಕಿಸಲು ಶುರುಮಾಡಿದೆವು. ಧೂಳಿಗೆ ಅತ್ತಯ್ಯನ ಕೆಮ್ಮು ಹೆಚ್ಚಾಯಿತು. ಅಣ್ಣ ಫೋನು ಮಾಡಿ, "ಅಮ್ಮನ್ನ ನಮ್ಮನಿಗೆ ಕಳಿಸು. ಸಮುದ್ರದ ಗಾಳಿ ಕುಡಕಂತ ಇರ್ಲಿ," ಎಂದ. ಸೊಸೆಯ ತವರಿನವರ ಮನೆಯಲ್ಲಿ ತಿಂಗಳು ಹೇಗಿರುವುದು ಎಂದು ಅತ್ತಯ್ಯ ಎರಡು ದಿನ ಮುಜುಗರಪಟ್ಟರು. ಮೂರನೆಯ ದಿನ ಉಪ್ಪಿನಕಾಯಿ ಜಾಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟರು. ಹದಿನೈದು ದಿನ ಎಲ್ಲ ಸುಖವಾಗಿತ್ತು. ಹದಿನಾರನೆಯ ದಿನ ಸಂಜೆ ಅವರೇ ಫೋನು ಮಾಡಿದರು. ಎಪ್ಪತ್ತಾರರ ದನಿಯಲ್ಲಿ ಹದಿನಾರರ ಉತ್ಸಾಹ.

"ಗೀತಾ! ಗುಮಾಸ್ತಾಗಾರು ಕನಿಪಿಂಚಾರಮ್ಮಾ!"

ಗುಮಾಸ್ತರು ಕಂಡರು ಎಂದರೆ ನನಗೆ ಮಾವನವರು ಕನಸಲ್ಲಿ ಬಂದರೇನೋ ಎನಿಸಿತು. ಅತ್ತಯ್ಯನನ್ನು ಅಮ್ಮಮ್ಮ, ಅಂದರೆ ಅಜ್ಜಿ, ಎಂದು ಕರೆಯುವ ಚೈತ್ರಾ ಫೋನು ತೆಗೆದುಕೊಂಡು ವಿವರಿಸಿದಳು. ಆ ಹಳೆಯ ಆಟಕ್ಕೆ ಈಗ ಹೊಸ ಬಣ್ಣ ಬಳಿದು, ಪಾತ್ರಗಳಿಗೆ ದನಿ ಕೊಟ್ಟು ಮತ್ತೆ ಬಿಡುಗಡೆ ಮಾಡಿದ್ದಾರಂತೆ. ಹಳೆಯದು ಹೇಗಿತ್ತು ನೋಡೋಣ ಎಂದು ಅವಳು ಹಾಕಿಕೊಂಡಳಂತೆ. ದೀಪಸ್ತಂಭ ಕಂಡ ಕೂಡಲೇ ಅತ್ತಯ್ಯ, "ಇದು ನಮ್ಮ ಮೆಂಬರುಗಾರ ಮನೆ!" ಎಂದು ಕುರ್ಚಿ ಎಳೆದುಕೊಂಡರಂತೆ. ಈಗ ಮುಕ್ಕಾಲು ಆಟ ಮುಗಿದಿದೆ. "ಅತ್ತೇ, ನಾನು ಎಲ್ಲಾ ಕರೆಕ್ಟಾಗಿ ತೆಲುಗಲ್ಲಿ ಹೇಳ್ತಾ ಇದೀನಿ. ಅಮ್ಮಮ್ಮ ಮಾತ್ರ ಅವರನ್ನ ಗುಮಾಸ್ತಾಗಾರು ಅಂತಾನೇ ಅಂತಾರೆ. ನಾಳೆ ಮಧ್ಯಾಹ್ನ ಒಂದು ಬ್ರಿಡ್ಜ್ ಬರುತ್ತೆ."

ನಾನು ಫೋನಿಟ್ಟು ಯಜಮಾನರಿಗೆ, ನಾಳೆ ಬೆಳಗಿನ ರೈಲಿಗೆ ವಿಶಾಖಪಟ್ಟಣಕ್ಕೆ ಹೋಗಬೇಕು ಎಂದೆ. ಟೈಲ್ಸ್ ಹಾಕುವವರು ಅಡಿಗೆಮನೆಯಲ್ಲಿದ್ದರು. "ಯಾರಿಗೆ ಏನಾಯಿತು?" ಎಂದು ಅವರು ಗಾಬರಿಯಾದರು. ಇನ್ನೂ ಏನೂ ಆಗಿಲ್ಲ, ನಾಳೆ ಮಧ್ಯಾಹ್ನ ಆಗುತ್ತದೆ ಎಂದು ಹೇಗೆ ಹೇಳುವುದು? ಫೋನಿನಲ್ಲೇ ಚೈತ್ರಾಳಿಗೆ ನಿಲ್ಲಿಸು ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಗೆಂದಿದ್ದರೆ ಅವಳು ಏಕೆ ಎನ್ನುತ್ತಿದ್ದಳು. ಏಕೆ ಎಂದು ಹೇಳಿದ್ದರೆ ಅಣ್ಣನಿಗೆ ತಿಳಿಯುತ್ತಿತ್ತು. ಅಷ್ಟು ವರ್ಷವಾದರೂ ಅತ್ತಯ್ಯ ನೆನೆಯುತ್ತಿದ್ದ ಗುಮಾಸ್ತರೇ ನನ್ನ ಪಕ್ಷದ ಮುಖ್ಯ ಸಾಕ್ಷಿ, ಆ ಸಾಕ್ಷಿಯೇ ಬಿದ್ದುಹೋಗುತ್ತಿತ್ತು. ಅತ್ತಯ್ಯನ ದುಃಖದ ಜೊತೆಗೆ ನನ್ನ ವಾದದ ಚಿಂತೆಯೂ ನನಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ರೈಲು ಗನ್ನವರಂ ದಾಟುವವರೆಗೂ ಬೇಗ ಹೋಗಲಿ ಎಂದುಕೊಂಡೆ, ಏಲೂರಿನ ನಂತರ ನಿಧಾನವಾಗಲಿ ಎನಿಸತೊಡಗಿತು. ಗೋದಾವರಿ ಸೇತುವೆಯ ಮೇಲೆ ಬೋಗಿಯವರೆಲ್ಲ ನದಿಗೆ ಕೈಮುಗಿಯುತ್ತಿದ್ದಾಗ ನಾನೂ ಮುಗಿದೆ. ಬೇಡಿಕೊಂಡದ್ದು ಮಾತ್ರ ಇನ್ನೊಂದು ಸೇತುವೆಯ ಬಗ್ಗೆ. ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ, "ಮನೆಯಲ್ಲಿ ಯಾರಿಗಾದರೂ ಸೀರಿಯಸ್ಸಾ?" ಎಂದು ತೆಲುಗಿನಲ್ಲಿ ಕೇಳಿದರು. "ಹೌದು," ಎಂದೆ. "ಏನಾಗಬೇಕು?" "ಬಂಧು ಅಲ್ಲ. ಹಳೆಯ ಗುಮಾಸ್ತರು." ಅವರು ಪಾಪ ಎಂದು ನನಗೆ ಒಂದು ಕಿತ್ತಳೆಹಣ್ಣು ಕೊಟ್ಟರು.

ಕ್ವಾರ್ಟರ್ಸ್ ತಲುಪಿದಾಗ ಹನ್ನೆರಡೂವರೆ. ಭಾನುವಾರವಾದ್ದರಿಂದ ಅಣ್ಣನೂ ಮನೆಯಲ್ಲಿದ್ದ. ನನ್ನನ್ನು ನೋಡಿ ಎಲ್ಲರಿಗೂ ಆಶ್ಚರ್ಯ. ಅತ್ತಯ್ಯ ಮಾತ್ರ, "ಸೇತುವೆಗೆ ಸರಿಯಾಗಿ ಬಂದೆ," ಎಂದು ಪಕ್ಕದಲ್ಲಿ ಜಾಗ ಮಾಡಿದರು. ನಾನು ಊಟ ಮೊದಲು ಎಂದೆ. ಊಟದ ಹೊತ್ತಿಗೆ ಬೇಕೆಂದೇ ಸುವರ್ಣಯುಗದ ಮಾತು ತೆಗೆದೆ. ನನ್ನ ಲೆಕ್ಕ ಸರಿಯಾಗಿತ್ತು. ಅಣ್ಣನಿಗೆ ಒಮ್ಮೆ ಕಿಡಿ ಹತ್ತಿಸಿದರೆ ಎರಡು ಗಂಟೆ ಉರಿಯುತ್ತಾನೆ. ಅವನು ಟ್ರಂಕು ತೆಗೆದ. ನಕ್ಷೆಗಳು ಹೊರಬಂದವು. ಆ ಗ್ರಾಫ್ ಹಾಳೆಗಳು ಮಡಿಕೆಯಲ್ಲಿ ಹರಿದಿದ್ದವು, ಅವನು ಹಿಂದಿನಿಂದ ಅಂಟಿನ ಪಟ್ಟಿ ಹಚ್ಚಿ ಜೋಡಿಸಿದ್ದ. "ನೋಡು, ಇದು ಏಳನೇ ಅಂತಸ್ತು. ಹಡಗಿನಾಗೆ ಮೂರು ತಿಂಗಳು ನೆಲ ಕಾಣದೆ ಇದ್ದಾಗ ಇದನ್ನ ನೆನಪಿನ ಮ್ಯಾಲೆ ಮತ್ತೆ ಬರದೆ. ಒಂದು ಬಾಗ್ಲೂ ತಪ್ಪಿಲ್ಲ," ಎಂದ. ಹಾಗೆನ್ನುವಾಗ ಅವನ ಬೆರಳು ಆ ಹಾದಿಗಳ ಮೇಲೆ ಹರಿದಾಡಿದ್ದನ್ನು ನೋಡಿ, ವಾದಕ್ಕೆ ಬಂದವಳು ನಾನು ಅರೆಕ್ಷಣ ಅವನ ಪಕ್ಷಕ್ಕೆ ಹೋಗಿಬಿಟ್ಟೆ. ಚೈತ್ರಾ ಕೂಡ, "ಇದು ಫ್ರೇಮ್ ಹಾಕಿಸಬೇಕು ನಾನ್ನಾ," ಎಂದಳು. ಅಪ್ಪನನ್ನು ಅವಳು ತೆಲುಗಿನಲ್ಲೇ ಕರೆಯುವುದು.

ನಾನು ಇದೇ ಸಮಯವೆಂದು, "ಸೋತೆ. ಅಣ್ಣನ ಕಾಲವೇ ಚಿನ್ನ. ಇವತ್ತು ಎಲ್ಲರೂ ಅವನ ಸುರಂಗದ ಆಟವನ್ನೇ ಆಡೋಣ," ಎಂದೆ. ಅಣ್ಣ ಅನುಮಾನದಿಂದ ನನ್ನತ್ತ ನೋಡಿದ. ಇಷ್ಟು ವರ್ಷಗಳಲ್ಲಿ ನಾನು ಸೋತೆ ಎಂದದ್ದು ಅದೇ ಮೊದಲು. "ಮೈಗೆ ಹುಷಾರಿಲ್ಲೇನು?" ಎಂದ. ಅತ್ತಯ್ಯ ಕೈತೊಳೆದುಕೊಂಡು ಬಂದು ಚೈತ್ರಾಳ ಬೆನ್ನು ತಟ್ಟಿದರು. "ಅವೆಲ್ಲ ನಾಳೆ. ಸೇತುವೆ ಹಾಕು. ಗುಮಾಸ್ತಾಗಾರನ್ನು ಯಾವ ಊರಿಗೆ ಹಾಕುತ್ತಾರೋ ಈ ಸಲ ಸರಿಯಾಗಿ ಕೇಳಿಸಿಕೊಳ್ಳುತ್ತೇನೆ. ಇವಳಿಗೆ ಊರಿನ ಹೆಸರು ನೆನಪಿರಲಿಲ್ಲ."

ಸೇತುವೆ ಬಂತು. ಈ ಸಲ ಒತ್ತಿ ಓಡಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಗುಮಾಸ್ತರು ಈಗ ಬಾಯಿಬಿಟ್ಟು ಮಾತಾಡುತ್ತಿದ್ದರು. ದಪ್ಪನೆಯ, ಆತುರವಿಲ್ಲದ ದನಿ. ಚೈತ್ರಾ ಒಂದೊಂದು ಸಾಲನ್ನೂ ತೆಲುಗಿಗೆ ತಂದಳು. "ನೀವು ದಾಟಿ. ನಾನು ಇಲ್ಲಿ ನಿಲ್ಲುತ್ತೇನೆ. ನನ್ನಿಂದ ಆಗಬೇಕಾದ ಕೆಲಸ ಮುಗಿದಿದೆ, ಏನೂ ಬಾಕಿ ಉಳಿಸಿಲ್ಲ. ಮನೆಯವರಿಗೆ ಹೇಳಿ, ನಾನು ಭಯಪಡಲಿಲ್ಲ." ಕಣಿವೆಯ ಕಡೆಯಿಂದ ಬೆಂಕಿ ಬಂತು. ಉಳಿದ ಮೂವರು ದಾಟಿದರು. ಚೈತ್ರಾ ಮೆಲ್ಲಗೆ, "ಆಯನ ಪೋಯಾರು ಅಮ್ಮಮ್ಮಾ," ಎಂದಳು. ಅವರು ಹೋದರು.

ಅತ್ತಯ್ಯ ತೆರೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, "ಟ್ರಾನ್ಸ್‌ಫರ್ ಅನ್ನಾವು ಕದಮ್ಮಾ," ಎಂದರು. ಟ್ರಾನ್ಸ್‌ಫರ್ ಎಂದಿದ್ದೆಯಲ್ಲಮ್ಮಾ. ನಾನು ತಲೆ ತಗ್ಗಿಸಿದೆ.

"ಮಳ್ಳೀ ಹಾಕು," ಎಂದರು ಚೈತ್ರಾಳಿಗೆ. ಮತ್ತೊಮ್ಮೆ.

ಚೈತ್ರಾ ಮತ್ತೆ ಸೇತುವೆಯ ಮೊದಲಿಂದ ಆಡಿದಳು. ಅದು ಮುಗಿದ ಮೇಲೆ ಇನ್ನೊಮ್ಮೆ. ಮೂರನೆಯ ಸಲ ಗುಮಾಸ್ತರು ಮಾತು ಮುಗಿಸಿದಾಗ ಅತ್ತಯ್ಯ ಕೈ ಎತ್ತಿ ಸಾಕು ಎಂದರು. ಆಮೇಲೆ ಮಾವನವರ ಮಾತು ತೆಗೆದರು. ಮಾವನವರು ಹೋದ ದಿನ ಕಚೇರಿಯ ಜವಾನ ಬಂದು, "ಸ್ವಲ್ಪ ಮೈ ಸರಿಯಿಲ್ಲ, ಬನ್ನಿ," ಎಂದನಂತೆ. ದಾರಿಯಲ್ಲಿ ಇನ್ನೊಬ್ಬರು ಸಿಕ್ಕು, "ಸ್ವಲ್ಪ ಜಾಸ್ತಿಯೇ ಆಗಿದೆ" ಎಂದರಂತೆ. ಬಾಗಿಲಲ್ಲಿ ಮೂರನೆಯವರು ಏನೂ ಹೇಳದೆ ಪಕ್ಕಕ್ಕೆ ಸರಿದರಂತೆ. "ನಾನು ಹೋಗುವಷ್ಟರಲ್ಲಿ ಮುಖ ಮುಚ್ಚಿದ್ದರು. ಕೊನೆಗೆ ಏನಾದರೂ ಹೇಳಿದರಾ, ನೀರು ಕೇಳಿದರಾ, ಹೆದರಿಕೊಂಡರಾ ಎಂದು ಎಷ್ಟು ಜನರನ್ನು ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ನೋವಾಗುತ್ತದಂತೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಈ ಮನುಷ್ಯ ಹೇಳಿ ಹೋದ. ಎಷ್ಟು ಮರ್ಯಾದಸ್ಥ! ಭಯಪಡಲಿಲ್ಲ ಎಂದು ಹೇಳಿಕಳಿಸಿದ."

ನನ್ನ ಕಣ್ಣಲ್ಲೂ ನೀರು ಬಂತು. "ತಪ್ಪಾಯಿತು ಅತ್ತಯ್ಯಾ. ಆಗ ನನಗೆ ಹೇಗೆ ಹೇಳಬೇಕೋ ತಿಳಿಯಲಿಲ್ಲ," ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಆಗ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ. ಪೋನೀಲೇ, ಹೋಗಲಿ ಬಿಡು. ನಿನ್ನ ಆಟದಲ್ಲಿ ಅವರು ಇಪ್ಪತ್ತು ವರ್ಷ ಜಾಸ್ತಿ ಬದುಕಿದ್ದರು." ಅಣ್ಣ ಎದ್ದು ಕಿಟಕಿಯ ಹತ್ತಿರ ಹೋಗಿ ಸಮುದ್ರ ಇರುವ ಕಡೆ ನೋಡಿದ. ಆ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಎದುರಿನ ಬ್ಲಾಕಿನ ನೀರಿನ ಟ್ಯಾಂಕು ಕಾಣುತ್ತದೆ.

ಇಂಥ ಗಳಿಗೆಯಲ್ಲಿ ಸುಮ್ಮನಿರಬೇಕು ಎಂಬ ವಿವೇಕ ನನಗಿಲ್ಲ. ಕಾಫಿಯಾದ ಮೇಲೆ ನಿಧಾನವಾಗಿ, "ಹಾಗಾದರೆ ಯಾವ ಕಾಲದ ಆಟ ದೊಡ್ಡದು ಎಂದು ತೀರ್ಮಾನವಾಯಿತಲ್ಲ? ಇಪ್ಪತ್ತು ವರ್ಷ ಒಬ್ಬರ ಮನಸ್ಸಲ್ಲಿ ಉಳಿಯುವಂಥ ಮಾತು ಇನ್ಯಾವ ಕಾಲದಲ್ಲಿ ಬರೆದರು?" ಎಂದೆ. ಅಣ್ಣ ತಿರುಗಿದ. "ಬರೆದೋರು ಎಲ್ಲಿ ಬರೆದ್ರು? ಟ್ರಾನ್ಸ್‌ಫರ್ ಮಾಡಿದಾಕಿ ನೀನು!" ಎಂದ. ಚೈತ್ರಾ ಆಗಲೂ ಸೇತುವೆಯಲ್ಲೇ ಇದ್ದಳು. ಬೇರೆ ಬೇರೆ ಉತ್ತರ ಒತ್ತಿ ನೋಡುತ್ತಿದ್ದವಳು ಒಮ್ಮೆಲೇ, "ಅತ್ತೇ, ಇಲ್ಲಿ ಇನ್ನೊಂದು ದಾರಿ ಇದೆ," ಎಂದಳು. ಗುಮಾಸ್ತರು ನಿಲ್ಲುತ್ತೇನೆ ಎಂದಾಗ ಮೂರನೆಯ ಉತ್ತರ ಆರಿಸಿದರೆ, ಎಲ್ಲರೂ ಸೇರಿ ಸೇತುವೆಯನ್ನೇ ಕೆಡವಿ ಅವರನ್ನೂ ಕರೆದುಕೊಂಡು ಹೋಗಬಹುದಂತೆ. "ಹಳೇ ಆಟದಲ್ಲೂ ಇದು ಇತ್ತಂತೆ. ನೀವು ನೋಡಿಲ್ವಾ?"

ನಾನು ನೋಡಿರಲಿಲ್ಲ. ಸಂಭಾಷಣೆಯೇ ಜೀವ ಎಂದು ಊರೆಲ್ಲ ಸಾರಿದ ನಾನು, ಆ ಆಟದ ಅತ್ಯಂತ ಮುಖ್ಯವಾದ ಸಂಭಾಷಣೆಯನ್ನೇ ಓದಿರಲಿಲ್ಲ. ಅಣ್ಣ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎರಡು ಕೈಯಲ್ಲೂ ತನ್ನ ನಕ್ಷೆ ಹಿಡಿದು, ಬಹಳ ಸೌಜನ್ಯದಿಂದ, "ಒಂದು ಬಾಗ್ಲೂ ತಪ್ಪಿಲ್ಲ," ಎಂದಷ್ಟೇ ಹೇಳಿ ಟ್ರಂಕಿಗೆ ಇಟ್ಟ.

"ಅಮ್ಮಮ್ಮಾ, ಅವರನ್ನ ಬದುಕಿಸೋಣವಾ?" ಎಂದು ಚೈತ್ರಾ ಕೇಳಿದಳು. ಅತ್ತಯ್ಯ ಯೋಚಿಸಿದರು. "ವದ್ದು," ಎಂದರು ಕೊನೆಗೆ. ಬೇಡ. "ಇಷ್ಟು ದುಡಿದಿದ್ದಾರೆ. ಮತ್ತೆ ಡ್ಯೂಟಿಗೆ ಹಾಕಬೇಡಿ. ರಿಟೈರ್ ಆಗಲಿ ಪಾಪಂ."

ಟೈಲ್ಸ್ ಕೆಲಸ ಮುಗಿದು ಅತ್ತಯ್ಯ ವಿಜಯವಾಡಕ್ಕೆ ಮರಳಿದ ಮೇಲೆ, ಪ್ರಾಯಶ್ಚಿತ್ತವೆಂದು ನಾನು ಆ ಹೊಸ ಆವೃತ್ತಿಯನ್ನು ಹಾಕಿಸಿಕೊಂಡು ಮೊದಲಿನಿಂದ ಆಡತೊಡಗಿದೆ. ಈ ಸಲ ಒಂದು ಸಾಲನ್ನೂ ಬಿಡುವುದಿಲ್ಲ, ಒಂದು ಪದವನ್ನೂ ತಪ್ಪಾಗಿ ಹೇಳುವುದಿಲ್ಲ ಎಂದು ಶಪಥ. ಪಕ್ಕದಲ್ಲಿ ಅತ್ತಯ್ಯ, ಮೊಬೈಲಿನಲ್ಲಿ ಡಿಕ್ಷನರಿ, ಮೂಗಿನ ಮೇಲೆ ಕನ್ನಡಕ. ದೀಪಸ್ತಂಭದ ಮುದುಕ ಎಣ್ಣೆ, ಬತ್ತಿ, ಗಾಜಿನ ವಿಷಯ ಹೇಳುತ್ತಾ ಹೋದ. ನಾನು ಸಾಲು ಸಾಲಾಗಿ, ಶುದ್ಧವಾಗಿ ತೆಲುಗಿಗೆ ತರುತ್ತಾ ಹೋದೆ. ಮೂರು ಮಧ್ಯಾಹ್ನವಾದರೂ ನಾಯಕ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ನಾಲ್ಕನೆಯ ದಿನ ಬತ್ತಿಯ ಬಗ್ಗೆ ಹದಿನೇಳನೆಯ ಸಾಲು ಓದುವಾಗ ಪಕ್ಕದಿಂದ ಗೊರಕೆ ಕೇಳಿಸಿತು. ನಾನು ನಿಲ್ಲಿಸಿದ ಕೂಡಲೇ ಅತ್ತಯ್ಯನಿಗೆ ಎಚ್ಚರವಾಯಿತು. ತೆರೆಯನ್ನು ನೋಡಿದರು, ಇನ್ನೂ ಅದೇ ಮುದುಕ.

"ಗೀತಾ," ಎಂದರು ಬಹಳ ಮೃದುವಾಗಿ, "ಈತ ನಿಜವಾಗಿ ಇಷ್ಟೆಲ್ಲ ಹೇಳುತ್ತಾನಾ?"

"ಹೌದು ಅತ್ತಯ್ಯಾ. ಈ ಸಲ ಒಂದಕ್ಷರ ಬಿಟ್ಟಿಲ್ಲ."

ಅವರು ನಿಟ್ಟುಸಿರು ಬಿಟ್ಟರು. "ಮೊದಲು ನೀನು ಹೇಳುತ್ತಿದ್ದದ್ದೇ ಬಾಗುಂದಿ ಅಮ್ಮಾ." ಅದೇ ಚೆನ್ನಾಗಿದೆಯಂತೆ.

ಸುವರ್ಣಯುಗದ ಬಗ್ಗೆ ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು. ಅಣ್ಣನಿಗೆ ತಿಳಿಸುವ ಹಾಗಿಲ್ಲ. ಅತ್ತಯ್ಯ ಹುಣಸೆಹಣ್ಣಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು. ನಾನು ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಮೊದಲ ಉತ್ತರ, ಮೊದಲ ಉತ್ತರ ಎಂದು ಒತ್ತತೊಡಗಿದೆ.